ಕೋರ್ಟಿನ ಕಡತ ಇಲ್ಲದಾಗ ಹಳೆಯ ಪತ್ರಿಕೆಗಳಿಂದ ವಂಶಾವಳಿ: ಕಾಸರಗೋಡಿನ ಕುಟುಂಬಗಳಿಗೊಂದು ಮಾರ್ಗದರ್ಶಿ

ನಮ್ಮ ಮನೆತನದ ಹಳೆಯ ಪಾಲು ದಾವೆಯೊಂದರ ನಂಬ್ರವನ್ನು ಹಿಡಿದುಕೊಂಡು ಕೆಲವು ವರ್ಷಗಳ ಹಿಂದೆ ನಾನು ಕಚೇರಿಯೊಂದಕ್ಕೆ ಹೋಗಿದ್ದೆ. ದಾವೆಗಳ ರಿಜಿಸ್ಟರು ಸಿಕ್ಕಿತು, ಅದರಲ್ಲಿ ನಂಬ್ರವೂ ಇತ್ತು. ಆದರೆ ಆ ಸಾಲಿನ ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಕಡತವನ್ನು ನಾಶಪಡಿಸಲಾಗಿದೆ ಎಂಬ ಷರಾ, ಅದರ ಕೆಳಗೊಂದು ಚಿಕ್ಕ ರುಜು. ಅದಾಗಿ ಎರಡು ವರ್ಷಗಳ ಮೇಲೆ, ಅತ್ತೆಯ ಟ್ರಂಕಿನ ತಳಕ್ಕೆ ಹಾಸಿದ್ದ ಹಳದಿಗಟ್ಟಿದ ಪತ್ರಿಕೆಯ ಹಾಳೆಯಲ್ಲಿ ಅದೇ ದಾವೆಯ ನೋಟೀಸು ಕಾಣಿಸಿತು. ವಾದಿ ಯಾರು, ಪ್ರತಿವಾದಿಗಳು ಯಾರು, ಅವರಲ್ಲಿ ಯಾರು ತೀರಿಕೊಂಡಿದ್ದರು, ಅವರ ಜಾಗದಲ್ಲಿ ಯಾರನ್ನು ಸೇರಿಸಲಾಗಿತ್ತು ಎಂಬುದೆಲ್ಲ ಎರಡಂಗುಲ ಅಗಲದ ಒಂದು ಅಂಕಣದಲ್ಲಿತ್ತು.

ಇದನ್ನು ಅದೃಷ್ಟವೆಂದು ಅಂದು ತಿಳಿದಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಅವಧಿ ಮುಗಿದ ಕಡತಗಳನ್ನು ನಾಶಪಡಿಸಲು 1917ರ ದಾಖಲೆ ನಾಶನ ಕಾಯಿದೆಯೇ ಅವಕಾಶ ಕೊಟ್ಟಿದೆ. ಆದ್ದರಿಂದ ಬೆಂಕಿ ಬೀಳದೆಯೂ, ಗೆದ್ದಲು ಹಿಡಿಯದೆಯೂ ಕೋರ್ಟಿನ ಕಾಗದಗಳು ಕ್ರಮಪ್ರಕಾರವಾಗಿಯೇ ಇಲ್ಲವಾಗುತ್ತವೆ. ಆದರೆ ಅದೇ ಕಾನೂನು ವ್ಯವಸ್ಥೆ, ದಾವೆ ನಡೆಯುತ್ತಿದ್ದಾಗ, ಅನೇಕ ಸಂಗತಿಗಳನ್ನು ಗೆಜೆಟಿನಲ್ಲೋ ಪತ್ರಿಕೆಯಲ್ಲೋ ಪ್ರಕಟಿಸುವಂತೆ ಮಾಡಿತ್ತು. ಕೋರ್ಟಿನಲ್ಲಿ ಇದ್ದದ್ದು ಒಂದೇ ಪ್ರತಿ. ಪತ್ರಿಕೆಯಾಗಿ ಹೊರಬಿದ್ದದ್ದು ನೂರಾರು. ಆ ನೂರಾರರಲ್ಲಿ ಒಂದನ್ನು ಹುಡುಕುವ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ: ಕಳೆದದ್ದು ಏನು, ಎಲ್ಲಿಯದು

ಕಾಸರಗೋಡಿನವರು ಪತ್ರಿಕೆ ತೆರೆಯುವ ಮೊದಲು ಗಡಿಯ ಇತಿಹಾಸವನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. 1956ರ ನವೆಂಬರ್ 1ರವರೆಗೆ ಕಾಸರಗೋಡು ಮದ್ರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯ ತಾಲ್ಲೂಕು. ಅಲ್ಲಿಯವರೆಗಿನ ಮೇಲ್ಮನವಿಗಳು ಮಂಗಳೂರಿನ ಜಿಲ್ಲಾ ಕೋರ್ಟಿಗೂ ಅಲ್ಲಿಂದ ಮದ್ರಾಸು ಹೈಕೋರ್ಟಿಗೂ ಹೋಗುತ್ತಿದ್ದವು. ರಾಜ್ಯ ಪುನರ್ವಿಂಗಡಣೆಯ ಬಳಿಕ ದಾರಿ ತೆಂಕಣಕ್ಕೆ ತಿರುಗಿ ತಲಶ್ಶೇರಿಗೂ ಎರ್ನಾಕುಳಂನ ಕೇರಳ ಹೈಕೋರ್ಟಿಗೂ ಹೋಯಿತು. 1957ರ ಜನವರಿ 1ರಂದು ಕಣ್ಣೂರು ಜಿಲ್ಲೆಯಾಯಿತು. ಕಾಸರಗೋಡು ತನ್ನದೇ ಜಿಲ್ಲೆಯಾದದ್ದು 1984ರ ಮೇ 24ರಂದು. ಮಂಜೇಶ್ವರ, ವೆಳ್ಳರಿಕುಂಡು ತಾಲ್ಲೂಕುಗಳು ಇನ್ನೂ ಈಚಿನವು. 1954ರಲ್ಲಿ ಹೂಡಿದ ದಾವೆಯೊಂದು 1959ರಲ್ಲಿ ತೀರ್ಮಾನವಾಗಿದ್ದರೆ ಅದರ ಸುದ್ದಿ, ನೋಟೀಸುಗಳು ಮಂಗಳೂರಿನ ಕನ್ನಡ ಪತ್ರಿಕೆಗಳಲ್ಲೂ ಉತ್ತರ ಕೇರಳದ ಮಲಯಾಳ ಪತ್ರಿಕೆಗಳಲ್ಲೂ ಹಂಚಿಹೋಗಿರಬಹುದು. ಮಂಗಳೂರಿನಲ್ಲಿ ಮಾತ್ರ ಹುಡುಕಿ ‘ಏನೂ ಇಲ್ಲ’ ಎಂದು ಕೈಬಿಟ್ಟವರನ್ನು ನಾನು ಬಲ್ಲೆ.

ಪತ್ರಿಕೆಗಳು ಎಷ್ಟು ಹಿಂದಕ್ಕೆ ಕೊಂಡೊಯ್ಯಬಲ್ಲವು ಎಂಬುದಕ್ಕೂ ಮಿತಿಯಿದೆ. 1837ರ ದಂಗೆಯಲ್ಲಿ, ನಮ್ಮ ಕಡೆ ಕಲ್ಯಾಣಪ್ಪನ ಕಾಟಕಾಯಿ ಎನ್ನುವ ಗಲಭೆಯಲ್ಲಿ, ಮಂಗಳೂರಿನ ಸರಕಾರಿ ಕಚೇರಿಗಳಿಗೆ ಬೆಂಕಿ ಬಿತ್ತು. ಆ ಬೆಂಕಿಯಲ್ಲಿ ಹೋದದ್ದನ್ನು ಪತ್ರಿಕೆ ತುಂಬಿಕೊಡಲಾರದು, ಏಕೆಂದರೆ ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಬಾಸೆಲ್ ಮಿಶನಿನ ಹರ್ಮನ್ ಮೋಗ್ಲಿಂಗ್ ಹೊರಡಿಸಿದ್ದೇ 1843ರ ಜುಲೈ 1ರಂದು. ಸಾಮಾನ್ಯ ಒಕ್ಕಲು ಕುಟುಂಬದ ಹೆಸರು ಅಚ್ಚಿನಲ್ಲಿ ಕಾಣಿಸಿಕೊಳ್ಳುವುದು ಹೆಚ್ಚಾಗಿ 20ನೆಯ ಶತಮಾನದಲ್ಲಿಯೇ.

ಎರಡನೆಯ ಕೆಲಸ: ಹೆಸರಿಗಿಂತ ಮೊದಲು ಮನೆ ಮತ್ತು ವಾರ

ವ್ಯಕ್ತಿಯ ಹೆಸರನ್ನು ಹಿಡಿದು ಹುಡುಕಿದರೆ ದಾರಿ ತಪ್ಪುವುದು ಖಚಿತ. ನಮ್ಮ ಊರುಗಳಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಇರುವುದರಿಂದ ಕೇಶವನ ಮಗ ಕೃಷ್ಣ, ಕೃಷ್ಣನ ಮಗ ಮತ್ತೆ ಕೇಶವ. ದಾಯಾದಿಗಳ ಮನೆಯಲ್ಲೂ ಅದೇ ಎರಡು ಹೆಸರುಗಳು. ಈ ಕೇಶವರನ್ನು ಬೇರೆಬೇರೆಯಾಗಿ ಗುರುತಿಸುವುದು ಮನೆಯ ಹೆಸರು. ಹವ್ಯಕರಲ್ಲಿ ಜಾಗದ ಹೆಸರು, ಬಂಟರಲ್ಲಿ ಗುತ್ತು, ಬೀಡುಗಳ ಹೆಸರು, ಮಲಯಾಳ ಮಾತಾಡುವ ಮನೆಗಳಲ್ಲಿ ತರವಾಡಿನ ಹೆಸರು. ಆದ್ದರಿಂದ ಮೊದಲು ಮನೆಯ ಹೆಸರಿನ ಎಲ್ಲ ರೂಪಗಳನ್ನೂ ಪಟ್ಟಿ ಮಾಡಿಕೊಳ್ಳಿ: ತುಳುವಿನಲ್ಲಿ ಕರೆಯುವುದು ಹೇಗೆ, ಕನ್ನಡದಲ್ಲಿ ಬರೆಯುವುದು ಹೇಗೆ, ಮಲಯಾಳದಲ್ಲಿ ಅಚ್ಚಾಗುವುದು ಹೇಗೆ. ಕುಂಬಳೆ ಮಲಯಾಳದಲ್ಲಿ ಕುಂಬಳ ಆಗುತ್ತದೆ, ಪೈವಳಿಕೆ ಪೈವಳಿಗೆ ಆಗುತ್ತದೆ, ಮಂಜೇಶ್ವರಕ್ಕೆ ಅನುಸ್ವಾರದ ಬಾಲ ಬರುತ್ತದೆ. ಹಳೆಯ ಇಂಗ್ಲಿಷ್ ಪತ್ರಿಕೆಗಳ ಕಾಗುಣಿತ ಇವೆಲ್ಲಕ್ಕಿಂತ ವಿಚಿತ್ರ.

ಮನೆಯಾದ ಮೇಲೆ ಕಾಲ. ಶ್ರಾದ್ಧ ಮಾಡುವ ಕುಟುಂಬಗಳಲ್ಲಿ ಒಂದು ವಿಶೇಷವಿದೆ: ಮುತ್ತಜ್ಜ ಯಾವ ವರ್ಷ ತೀರಿಕೊಂಡರೆಂದು ಯಾರಿಗೂ ಗೊತ್ತಿರುವುದಿಲ್ಲ, ಆದರೆ ಯಾವ ಮಾಸ, ಯಾವ ಪಕ್ಷ, ಯಾವ ತಿಥಿ ಎಂಬುದು ಮನೆಯ ಮಕ್ಕಳಿಗೂ ಗೊತ್ತಿರುತ್ತದೆ. ಈ ಅರ್ಧ ಮಾಹಿತಿಯೇ ಬಹಳ ಉಪಯುಕ್ತ. ಅವರು 1936ರಿಂದ 1942ರ ನಡುವೆ ತೀರಿಕೊಂಡರೆಂದು ಮಕ್ಕಳ ಮದುವೆ, ಮನೆಯ ಪಾಲು ಮುಂತಾದ ಸಂಗತಿಗಳಿಂದ ಅಂದಾಜು ಸಿಕ್ಕಿದೆ ಎಂದಿಟ್ಟುಕೊಳ್ಳಿ. ಹಳೆಯ ಪಂಚಾಂಗದಿಂದಲೋ ಗಣಕದ ಪಂಚಾಂಗ ತಂತ್ರಾಂಶದಿಂದಲೋ ಈ ಏಳು ವರ್ಷಗಳಲ್ಲಿ ಆ ತಿಥಿ ಬಿದ್ದ ಇಂಗ್ಲಿಷ್ ತಾರೀಕುಗಳನ್ನು ತೆಗೆಯಿರಿ. ವಾರಪತ್ರಿಕೆಯಾದರೆ ಪ್ರತಿ ತಾರೀಕಿನ ನಂತರದ ಮೂರು ಸಂಚಿಕೆಗಳನ್ನು ನೋಡಿದರೆ ಸಾಕು. ಒಟ್ಟು 364 ಸಂಚಿಕೆಗಳನ್ನು ತಿರುವುವ ಬದಲು 21 ಸಂಚಿಕೆಗಳಲ್ಲಿ ಕೆಲಸ ಮುಗಿಯುತ್ತದೆ. ಮೂರು ಏಕೆಂದರೆ, ಹಳ್ಳಿಯ ಸುದ್ದಿ ಅಂಚೆಯಲ್ಲಿ ಮಂಗಳೂರಿಗೆ ಹೋಗಿ ಅಚ್ಚಾಗಲು ಒಂದು ವಾರ ಹಿಡಿಯುತ್ತಿತ್ತು, ಮತ್ತು ಅನೇಕ ಬಾರಿ ಸಾವಿನ ಸುದ್ದಿ ಬರದೆ ಉತ್ತರಕ್ರಿಯೆಯ ಸುದ್ದಿ ಮಾತ್ರ ಬರುತ್ತಿತ್ತು. ಅಧಿಕ ಮಾಸ ಬಂದ ವರ್ಷಗಳನ್ನು ಮಾತ್ರ ಎಚ್ಚರದಿಂದ ಲೆಕ್ಕ ಹಾಕಬೇಕು.

ತಿಥಿಯ ನೆನಪಿಲ್ಲದ ಕುಟುಂಬಗಳಲ್ಲಿ ಕಾಲವನ್ನು ಬೇಸಾಯದಿಂದಲೂ ವಿಪತ್ತುಗಳಿಂದಲೂ ಹೇಳುವುದುಂಟು. ಏಣಿಲು ನಾಟಿಯ ಹೊತ್ತು ಎಂದರೆ ಜೂನ್–ಜುಲೈ ಎಂದು ಹಿಡಿಯಬಹುದು. ಆದರೆ ‘ದೊಡ್ಡ ನೆರೆಯ ವರ್ಷ’ ಎಂದರೆ ಯಾವುದು? ಮಂಗಳೂರು, ಬಂಟ್ವಾಳದ ಕಡೆಯ ಸಂಬಂಧಿಕರ ಬಾಯಲ್ಲಿ ಅದು 1923ರ ನೇತ್ರಾವತಿಯ ನೆರೆ. ತೆಂಕಣದ ಮಲಯಾಳಿಗಳ ಬಾಯಲ್ಲಿ ಕೊಲ್ಲವರ್ಷ 1099ರ ಪ್ರಳಯ, ಅಂದರೆ 1924. ಇವೆರಡೂ ನೆನಪುಗಳು ಬಂದು ಕೂಡುವ ಜಾಗ ಕಾಸರಗೋಡು. ಹೇಳಿದವರು ಯಾವ ಕಡೆಯವರು ಎಂದು ಕೇಳದೆ ವರ್ಷ ಬರೆದುಕೊಳ್ಳಬಾರದು.

ಮೂರನೆಯ ಕೆಲಸ: ಯಾವ ಪತ್ರಿಕೆ, ಎಲ್ಲಿ ನೋಡಬೇಕು

1956ಕ್ಕಿಂತ ಹಿಂದಿನ ಕಾಸರಗೋಡಿಗೆ ಮಂಗಳೂರೇ ಪತ್ರಿಕೆಯ ಊರು. ‘ಸ್ವದೇಶಾಭಿಮಾನಿ’, ಕಡೆಂಗೋಡ್ಲು ಶಂಕರಭಟ್ಟರ ಸಂಪಾದಕತ್ವದ ‘ರಾಷ್ಟ್ರಬಂಧು’, 1940ರ ದಶಕದಲ್ಲಿ ಹುಟ್ಟಿದ ದಿನಪತ್ರಿಕೆ ‘ನವಭಾರತ’ ಇವು ಮುಖ್ಯವಾದವು. 1970ರಿಂದ ಮಣಿಪಾಲದ ‘ಉದಯವಾಣಿ’ ಇದೆ. ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬಗಳು ಕನ್ನಡ ಲಿಪಿಯಲ್ಲೇ ಅಚ್ಚಾಗುವ, 1938ರಲ್ಲಿ ಆರಂಭವಾದ ‘ರಾಕ್ಣೊ’ ವಾರಪತ್ರಿಕೆಯನ್ನು ತಪ್ಪದೆ ನೋಡಬೇಕು; ಬೇಳದಂಥ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತಕ್ಕೆ ಸೇರಿರುವುದರಿಂದ ಪತ್ರಿಕೆಯ ಸುದ್ದಿಯನ್ನು ಇಗರ್ಜಿಯ ಜ್ಞಾನಸ್ನಾನದ ದಾಖಲೆಯೊಂದಿಗೆ ತಾಳೆ ನೋಡುವ ಅನುಕೂಲ ಅವರಿಗಿದೆ. ಮುಸ್ಲಿಂ ಕುಟುಂಬಗಳಿಗೆ 1934ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ‘ಚಂದ್ರಿಕ’, ಎಲ್ಲರಿಗೂ 1923ರಲ್ಲಿ ಕೋಝಿಕ್ಕೋಡಿನಲ್ಲಿ ಆರಂಭವಾದ ‘ಮಾತೃಭೂಮಿ’ ಬೇಕಾಗುತ್ತದೆ. ಮಲಯಾಳ ಲಿಪಿ ಬಾರದವರು ತಮ್ಮ ಮನೆಯ ಹೆಸರು ಮತ್ತು ಊರಿನ ಹೆಸರು ಆ ಲಿಪಿಯಲ್ಲಿ ಹೇಗೆ ಕಾಣುತ್ತದೆಂದು ಯಾರಿಂದಲಾದರೂ ದೊಡ್ಡದಾಗಿ ಬರೆಸಿಕೊಂಡು ಚಿತ್ರದಂತೆ ಗುರುತಿಸುತ್ತಾ ಹೋಗಬಹುದು. ನಾನು ಮೊದಲ ಆರು ತಿಂಗಳು ಹಾಗೆಯೇ ಮಾಡಿದೆ.

ಸಂಗ್ರಹಗಳ ವಿಷಯದಲ್ಲಿ ಎರಡು ಕಾನೂನುಗಳನ್ನು ನೆನಪಿಡಬೇಕು. 1867ರ ಮುದ್ರಣ ಮತ್ತು ಪುಸ್ತಕ ನೋಂದಣಿ ಕಾಯಿದೆಯ ಪ್ರಕಾರ ಪ್ರತಿ ಪತ್ರಿಕೆಯಲ್ಲೂ ಮುದ್ರಕರ, ಪ್ರಕಾಶಕರ ಹೆಸರೂ ಅಚ್ಚಾದ ಸ್ಥಳವೂ ಇರಬೇಕಿತ್ತು. ತಲೆಪಟ್ಟಿ ಹರಿದುಹೋದ ತುಣುಕು ಸಿಕ್ಕಿದಾಗ ಕೊನೆಯ ಪುಟದ ಕೆಳಗಿನ ಆ ಸಾಲು ಪತ್ರಿಕೆ ಯಾವುದೆಂದು ಹೇಳುತ್ತದೆ. ಇನ್ನೊಂದು, ಅಚ್ಚಾದ ಪುಸ್ತಕಗಳ ಪ್ರತಿಗಳನ್ನು ಸಾರ್ವಜನಿಕ ಗ್ರಂಥಾಲಯಗಳಿಗೆ ಒಪ್ಪಿಸಬೇಕೆನ್ನುವ 1954ರ ಕಾಯಿದೆ. 1956ರ ತಿದ್ದುಪಡಿಯಿಂದ ಪತ್ರಿಕೆಗಳೂ ಅದರೊಳಗೆ ಸೇರಿ, ಗೊತ್ತಾದ ಗ್ರಂಥಾಲಯಗಳಿಗೆ ಪ್ರತಿ ಕಳುಹಿಸುವುದು ಕಡ್ಡಾಯವಾಯಿತು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನೆಮಾರ ಸಾರ್ವಜನಿಕ ಗ್ರಂಥಾಲಯ ಇವುಗಳಲ್ಲಿ ಸೇರಿವೆ. ಕನ್ನೆಮಾರ ಇರುವ ಎಗ್ಮೋರಿನಲ್ಲೇ ತಮಿಳುನಾಡು ಪತ್ರಾಗಾರವೂ ಇದೆ. ನಮ್ಮ ಜಿಲ್ಲೆಯ 1956ಕ್ಕಿಂತ ಹಿಂದಿನ ಮದ್ರಾಸು ಗೆಜೆಟುಗಳಿಗೆ ಅಲ್ಲಿಗೇ ಹೋಗಬೇಕು. ಹತ್ತಿರದಲ್ಲಿ ಮಂಗಳೂರು ಬಲ್ಮಠದ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನ ಪತ್ರಾಗಾರ, ಕೊಣಾಜೆಯ ವಿಶ್ವವಿದ್ಯಾನಿಲಯದ ಗ್ರಂಥಾಲಯ, ಮಂಜೇಶ್ವರದ ಗೋವಿಂದ ಪೈಗಳ ಗ್ರಂಥಸಂಗ್ರಹವಿರುವ ಉಡುಪಿಯ ಸಂಶೋಧನ ಕೇಂದ್ರ ಇವೆ. ಇವೆಲ್ಲಕ್ಕೂ ಮೊದಲು ನೋಡಬೇಕಾದದ್ದು ಊರಿನ ಹಳೆಯ ವಾಚನಾಲಯ ಮತ್ತು ಮನೆಯ ಅಟ್ಟ. ಪತ್ರಿಕೆಗೆ ಏಜೆಂಟರಾಗಿದ್ದವರ, ಊರ ಸುದ್ದಿ ಬರೆದು ಕಳುಹಿಸುತ್ತಿದ್ದ ಮಾಸ್ತರರ ಮನೆಗಳಲ್ಲಿ ಕಟ್ಟುಗಟ್ಟಲೆ ಉಳಿದದ್ದನ್ನು ನಾನೇ ಕಂಡಿದ್ದೇನೆ.

ಇಂಗ್ಲಿಷ್ ಓದಬಲ್ಲವರಿಗೆ ಒಂದು ಅಡ್ಡದಾರಿಯಿದೆ. ದೇಶೀ ಭಾಷೆಯ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ತಿಳಿಯಲು ಮದ್ರಾಸು ಸರಕಾರ ಅವುಗಳ ಸಾರಾಂಶವನ್ನು ಭಾಷಾಂತರಿಸಿ ವರದಿಗಳನ್ನು ಸಿದ್ಧಪಡಿಸುತ್ತಿತ್ತು. ಅಂಥ ವರದಿಗಳಲ್ಲಿ ಊರಿನ ಪಟೇಲರ ಮೇಲಿನ ದೂರು, ಅರಣ್ಯದ ತಕರಾರು, ಶಾಲೆಯ ಜಗಳ ಮುಂತಾದವು ಸಿಗುತ್ತವೆ. ಸಾಮಾನ್ಯ ವ್ಯಕ್ತಿಯ ಜನನ ಮರಣ ಅಲ್ಲಿ ಇರುವುದಿಲ್ಲ. ಆದರೆ ಮೂಲ ಸಂಚಿಕೆ ಸಂಪೂರ್ಣ ನಾಶವಾದಲ್ಲಿ ಆ ಸಾರಾಂಶವೇ ಗತಿ.

ನಾಲ್ಕನೆಯ ಕೆಲಸ: ನೋಟೀಸಿನ ಅಂಕಣವನ್ನು ಓದುವುದು

ಹೆಚ್ಚಿನವರು ನಿಧನ ವಾರ್ತೆಯನ್ನು ಮಾತ್ರ ಹುಡುಕುತ್ತಾರೆ. ಭಾವಚಿತ್ರವಿರುವ ಶ್ರದ್ಧಾಂಜಲಿ ಜಾಹೀರಾತು ಈಚಿನ ರೂಢಿ. ಹಳೆಯ ವಾರಪತ್ರಿಕೆಗಳಲ್ಲಿ ಸಾವು ಊರ ಸುದ್ದಿಯ ನಡುವೆ ಒಂದೆರಡು ಸಾಲು, ಅದೂ ಹೆಸರಾದವರದ್ದು ಮಾತ್ರ. ಕೋರ್ಟಿನ ಕಡತಕ್ಕೆ ಬದಲಿ ಬೇಕೆಂದಿದ್ದರೆ ನೋಡಬೇಕಾದದ್ದು ಯಾರೂ ಓದದ ಆ ಸಣ್ಣಕ್ಷರದ ಪ್ರಕಟಣೆಗಳನ್ನು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ, ಸಮನ್ಸು ಸಾಮಾನ್ಯ ರೀತಿಯಲ್ಲಿ ಜಾರಿಯಾಗದಿದ್ದರೆ ಕೋರ್ಟು ಬೇರೆ ರೀತಿಯಲ್ಲಿ ಜಾರಿಮಾಡಿಸಬಹುದೆಂಬ ನಿಯಮವಿದೆ. ಪತ್ರಿಕೆಯಲ್ಲಿ ಪ್ರಕಟಿಸುವುದು ಅಂಥ ಒಂದು ರೀತಿ. 1976ರ ತಿದ್ದುಪಡಿ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸಿ, ಪ್ರತಿವಾದಿ ಕೊನೆಯದಾಗಿ ವಾಸವಾಗಿದ್ದ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಣೆ ಬರಬೇಕೆಂದಿತು. ಇದರ ಅರ್ಥವನ್ನು ಗಮನಿಸಿ: ಕೋರ್ಟು ಕಾಸರಗೋಡಿನದಾದರೂ ಪ್ರತಿವಾದಿ ಹೋಟೆಲು ಕೆಲಸಕ್ಕೆ ಮುಂಬಯಿಗೆ ಹೋದವನಾದರೆ ನೋಟೀಸು ಮುಂಬಯಿಯ ಪತ್ರಿಕೆಯಲ್ಲಿ ಬಂದಿರಬಹುದು, ಕೊಡಗಿನ ತೋಟಕ್ಕೆ ಹೋದವನಾದರೆ ಅಲ್ಲಿ ಓದುವ ಪತ್ರಿಕೆಯಲ್ಲಿ. ಊರು ಬಿಟ್ಟು ಹೋದವನ ಜಾಡನ್ನು ಹೀಗೆ ಹಿಮ್ಮುಖವಾಗಿಯೂ ಹಿಡಿಯಬಹುದು.

ಓದುವ ಬಗೆಯನ್ನು ತೋರಿಸಲು ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇನೆ. ಇದು ಯಾವುದೇ ನಿಜವಾದ ದಾವೆಯದಲ್ಲ. ಇಂಥ ನೂರಾರು ನೋಟೀಸುಗಳ ಧಾಟಿಯಲ್ಲಿ ನಾನೇ ಹೆಣೆದದ್ದು.

‘ಕಾಸರಗೋಡು ಮುನ್ಸೀಫ್ ಕೋರ್ಟಿನಲ್ಲಿ ಓ. ಎಸ್. ನಂಬ್ರ ಇಂತಿಷ್ಟು. ವಾದಿ: ಮೈನರ್ ಕೇಶವ, ಪರವಾಗಿ ತಾಯಿ, ದಿ. ಶಂಕರನ ಹೆಂಡತಿ ದೇವಕಿ. ಪ್ರತಿವಾದಿಗಳು: 1. ಸುಬ್ರಾಯ (ಮೃತ), 2. ನಾರಾಯಣ, 3. ಈಶ್ವರ. 1ನೇ ಪ್ರತಿವಾದಿಯ ವಾರಸುದಾರರಾಗಿ ಸೇರಿಸಲ್ಪಟ್ಟ 4. ಪರಮೇಶ್ವರಿ, 5. ಮೈನರ್ ಗಣಪತಿ. ಮೇಲ್ಕಂಡ 3ನೇ ಪ್ರತಿವಾದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ...’

‘ಓ. ಎಸ್.’ ಎಂದರೆ ಒರಿಜಿನಲ್ ಸೂಟ್, ಅಂದರೆ ಮೂಲ ದಾವೆ. ಇಲ್ಲಿ ಶಂಕರನ ಹಿಂದೆ ‘ದಿ.’ ಇದೆ, ಅಂದರೆ ದಾವೆ ಹೂಡುವಾಗಲೇ ಅವನಿಲ್ಲ. ಸುಬ್ರಾಯನ ಮುಂದೆ ‘ಮೃತ’ ಎಂದು ಇರುವುದು ಬೇರೆ ಅರ್ಥದ್ದು. ಅವನು ದಾವೆ ಹೂಡುವಾಗ ಬದುಕಿದ್ದು ನಡುವೆ ತೀರಿಕೊಂಡವನು. 1963ರ ಅವಧಿ ಕಾಯಿದೆಯಂತೆ ವಾರಸುದಾರರನ್ನು ಸೇರಿಸಲು 90 ದಿನಗಳೊಳಗೆ ಅರ್ಜಿ ಕೊಡಬೇಕು. ತಡವನ್ನು ಕೋರ್ಟು ಮನ್ನಿಸುವುದೂ ಉಂಟು, ಆದರೂ ಸಾವು ನೋಟೀಸಿಗಿಂತ ತೀರಾ ಹಿಂದಿನದಾಗಿರಲಾರದು ಎಂಬ ಊಹೆಗೆ ಇದು ಆಧಾರ. ಕೇಶವ ಮೈನರ್ ಆದ್ದರಿಂದ ಅವನ ಹುಟ್ಟು ದಾವೆಗಿಂತ 18 ವರ್ಷದೊಳಗಿನದು. ಆದರೆ ಹಳೆಯ ಕಾನೂನಿನಲ್ಲಿ ಕೋರ್ಟು ಪೋಷಕರನ್ನು ನೇಮಿಸಿದ್ದರೆ ಪ್ರಾಯಪೂರ್ತಿಗೆ 21 ಆಗಬೇಕಿದ್ದುದನ್ನು ಮರೆಯಬಾರದು. ಈಶ್ವರನಿಗೆ ಮಾತ್ರ ಪತ್ರಿಕೆಯ ಮೂಲಕ ತಿಳಿಸಬೇಕಾಯಿತೆಂದರೆ ಅವನ ವಿಳಾಸ ಸಿಕ್ಕಿರಲಿಲ್ಲ ಅಥವಾ ಅವನು ಸಮನ್ಸು ತಪ್ಪಿಸುತ್ತಿದ್ದ. ನಾರಾಯಣ, ಈಶ್ವರರು ಶಂಕರನ ಅಣ್ಣತಮ್ಮಂದಿರೆಂದು ಮನಸ್ಸು ಹೇಳುತ್ತದೆ. ನೋಟೀಸು ಹಾಗೆ ಹೇಳಿಲ್ಲ. ಅವರು ಚಿಕ್ಕಪ್ಪಂದಿರೂ ಆಗಿರಬಹುದು, ಜಮೀನು ಕೊಂಡ ಹೊರಗಿನವರೂ ಆಗಿರಬಹುದು. ವಂಶವೃಕ್ಷದಲ್ಲಿ ಆ ಗೆರೆಯನ್ನು ಪೆನ್ಸಿಲಿನಲ್ಲೇ ಎಳೆಯಿರಿ.

ಬಂಟರು, ಬಿಲ್ಲವರು ಮೊದಲಾದ ಅಳಿಯಸಂತಾನದ ಕುಟುಂಬಗಳಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಅಲ್ಲಿ ಹಕ್ಕು ಹೆಣ್ಣಿನ ಕಡೆಯಿಂದ ಇಳಿಯುವುದರಿಂದ ನೋಟೀಸಿನ ವಾರಸುದಾರ ಮಗನಲ್ಲದೆ ತಂಗಿಯ ಮಗನಾಗಿರುವುದೇ ಸಹಜ. ‘ಯಜಮಾನ’ ಎಂದರೆ ಮನೆಯ ಹಿರಿಯ ಗಂಡಸು, ಹೆಂಡತಿ ಮಕ್ಕಳ ತಲೆಯಾಳು ಎಂದು ಅರ್ಥವಲ್ಲ. ‘ಕವರು’ ಎಂದರೆ ಒಬ್ಬ ಹೆಂಗಸಿನಿಂದ ಇಳಿದ ಶಾಖೆ. ಕವರುಗಳ ನಂಬ್ರ ಮತ್ತು ಅದರ ಮೂಲ ಹೆಂಗಸಿನ ಹೆಸರು ನೋಟೀಸಿನಲ್ಲಿದ್ದರೆ ಮೂರು ತಲೆಮಾರಿನ ಹೆಂಗಸರ ಹೆಸರುಗಳು ಒಟ್ಟಿಗೆ ಸಿಗುತ್ತವೆ, ಬೇರಾವ ದಾಖಲೆಯಲ್ಲೂ ಸಿಗದಂಥವು. ಇಂಥ ದಾವೆಗಳು ಮದ್ರಾಸು ಹೈಕೋರ್ಟಿನವರೆಗೆ ಹೋಗಿದ್ದರೆ ಕಾನೂನು ವರದಿಗಳನ್ನೂ ನೋಡಿ. 1876ರಿಂದ ಬರುತ್ತಿರುವ ಇಂಡಿಯನ್ ಲಾ ರಿಪೋರ್ಟ್ಸ್ ಮದ್ರಾಸು ಮಾಲಿಕೆಯ ತೀರ್ಪುಗಳಲ್ಲಿ ಕೆಲವೆಡೆ ಕುಟುಂಬದ ವಂಶಾವಳಿಯನ್ನೇ ಅಚ್ಚುಮಾಡಿದ್ದಾರೆ. ಕೆಳಕೋರ್ಟಿನ ಕಡತ ಹೋದರೂ ಅದು ಉಳಿದಿದೆ.

ಕೋರ್ಟು ನೋಟೀಸಿನ ಹೊರತಾಗಿ ಗೆಜೆಟಿನ ಭೂಸ್ವಾಧೀನ ಪ್ರಕಟಣೆಗಳನ್ನು ನಾನು ಬಹಳ ಮೇಲಿಡುತ್ತೇನೆ. ರಸ್ತೆಗೋ ಶಾಲೆಗೋ ಜಾಗ ಪಡೆಯುವಾಗ 1894ರ ಕಾಯಿದೆಯಡಿ ಹೊರಡಿಸಿದ ಪ್ರಕಟಣೆಗಳಲ್ಲಿ ಸರ್ವೆ ನಂಬ್ರ, ಹಕ್ಕುದಾರನ ಹೆಸರು, ಎಷ್ಟೋ ಕಡೆ ನಾಲ್ಕು ದಿಕ್ಕಿನ ಚಕ್ಕುಬಂದಿಯೂ ಇರುತ್ತದೆ. ನೆರೆಯವನ ಜಾಗದ ಚಕ್ಕುಬಂದಿಯಲ್ಲಿ ನಿಮ್ಮ ಮುತ್ತಜ್ಜ ಸಿಗಬಹುದು. ‘ನನ್ನ ಮಗನು ನನ್ನಿಂದ ಬೇರೆಯಾಗಿರುವುದರಿಂದ ಅವನ ಸಾಲಕ್ಕೆ ನಾನು ಹೊಣೆಯಲ್ಲ’ ಎಂಬ ಪ್ರಕಟಣೆಗಳು, ಹೆಸರು ಬದಲಾವಣೆ, ಕಾಣೆಯಾದ ಹುಡುಗನ ವಿವರ, ದೇವಸ್ಥಾನದ ಜೀರ್ಣೋದ್ಧಾರಕ್ಕೆ ಕೊಟ್ಟವರ ಪಟ್ಟಿ ಇವೂ ಕೆಲಸಕ್ಕೆ ಬರುತ್ತವೆ.

ಐದನೆಯ ಕೆಲಸ: ಸಂಕ್ಷೇಪ, ತಾರೀಕು, ಅಚ್ಚಿನ ತಪ್ಪು

ಹೆಸರಿನ ಹಿಂದಿನ ಚಿಕ್ಕ ಅಕ್ಷರಗಳನ್ನು ಬಿಟ್ಟು ಓದಬಾರದು. ‘ಚಿ.’ ಎಂದರೆ ಕಿರಿಯ, ‘ಚಿ. ಸೌ.’ ಎಂಬುದು ಲಗ್ನದ ಪ್ರಕಟಣೆಯಲ್ಲಿ ವಧುವಿಗೆ, ‘ಸೌ.’ ಇದ್ದರೆ ಆ ದಿನ ಅವಳ ಗಂಡ ಬದುಕಿದ್ದಾನೆ. ಅದೇ ಹೆಂಗಸಿನ ಹೆಸರು ಮುಂದೊಂದು ವರ್ಷ ‘ಸೌ.’ ಇಲ್ಲದೆ ಬಂದರೆ ಗಂಡನ ಮರಣಕ್ಕೆ ಕಾಲದ ಎರಡು ಅಂಚುಗಳು ಸಿಕ್ಕಂತಾಯಿತು. ಇದು ರುಜುವಾತಲ್ಲ, ಸೂಚನೆ. ಹಳೆಯ ‘ಮ. ರಾ. ರಾ.’ ಬರಿಯ ಗೌರವಸೂಚಕ, ಹೆಸರಿನ ಇನಿಶಿಯಲ್ ಅಲ್ಲ. ಹೆಂಗಸರನ್ನು ‘ಶ್ರೀಯುತರ ಧರ್ಮಪತ್ನಿ’ ಎಂದು ಮುಗಿಸಿಬಿಡುವುದು ಹಳೆಯ ಪತ್ರಿಕೆಗಳ ದೊಡ್ಡ ಕೊರತೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿ ಇದ್ದ ಮನೆಗಳಲ್ಲಿ ತವರಿನ ಹೆಸರನ್ನು ಬೇರೆಯಾಗಿ ವಿಚಾರಿಸಬೇಕು. ಕರೆಯುವ ಹೆಸರು, ಬರೆಯುವ ಹೆಸರುಗಳನ್ನೂ ಜೋಡಿಸಿಟ್ಟುಕೊಳ್ಳಿ: ನಾರ್ಣ ಎಂದರೆ ನಾರಾಯಣ, ಈಚ್ರ ಎಂದರೆ ಈಶ್ವರ, ವೆಂಕಪ್ಪ ಎಂದು ಊರಲ್ಲಿ ಕರೆದವನು ಕೋರ್ಟಿನಲ್ಲಿ ವೆಂಕಟ್ರಮಣ.

ತಾರೀಕಿನಲ್ಲಿ ನಾಲ್ಕು ಲೆಕ್ಕಗಳು ಬೆರೆಯುತ್ತವೆ. ಸಂವತ್ಸರದ ಹೆಸರು ಮಾತ್ರ ಇದ್ದರೆ 60 ವರ್ಷದ ಚಕ್ರವನ್ನು ಮನಸ್ಸಿನಲ್ಲಿಡಿ. ಪ್ರಭವ 1867ರಲ್ಲೂ 1927ರಲ್ಲೂ 1987ರಲ್ಲೂ ಬಂದಿದೆ, ಕಾಸರಗೋಡು ಕೇರಳಕ್ಕೆ ಸೇರಿದ ವರ್ಷ ದುರ್ಮುಖಿ. ಕೊಲ್ಲವರ್ಷಕ್ಕೆ 825 ಕೂಡಿಸಬೇಕು, ಆದರೆ ಆಗಸ್ಟ್ ನಡುವಿನಿಂದ ಡಿಸೆಂಬರ್ ಕೊನೆಯವರೆಗಿನ ತಾರೀಕಾದರೆ 824; 1956ರ ನವೆಂಬರ್ ಹೀಗೆ 1132 ಆಗುತ್ತದೆ. ತುಳುವರ ಪಗ್ಗು, ಬೇಶ, ಕಾರ್ತೆಲ್ ತಿಂಗಳುಗಳು ಸೌರಮಾನದವು, ಪಗ್ಗು ಆರಂಭವಾಗುವುದು ಏಪ್ರಿಲ್ ನಡುವಿನಲ್ಲಿ. ಶ್ರಾದ್ಧದ ತಿಥಿ ಚಂದ್ರನ ಲೆಕ್ಕದ್ದಾದರೂ ನಮ್ಮಲ್ಲಿ ಅನೇಕರು ಅದನ್ನು ಸೌರಮಾಸದೊಂದಿಗೆ ಸೇರಿಸಿ ಹೇಳುತ್ತಾರೆ, ಆದ್ದರಿಂದ ಮನೆಯಲ್ಲಿ ಹೇಳುವ ಮಾಸ ಯಾವ ಮಾನದ್ದೆಂದು ಪುರೋಹಿತರನ್ನು ಕೇಳಿ ಖಚಿತಪಡಿಸಿಕೊಳ್ಳಿ. ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಸವೆದ ಅಚ್ಚಿನಲ್ಲಿ ಒಂದೇ ರೀತಿ ಕಾಣುತ್ತವೆ. ಸಂಶಯ ಬಂದರೆ ಜೊತೆಗೆ ಕೊಟ್ಟಿರುವ ವಾರದ ಹೆಸರಿನಿಂದ ಪರೀಕ್ಷಿಸಬಹುದು.

ಗಣಕದಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಟಗಳನ್ನು ಪದ ಹಾಕಿ ಹುಡುಕಬಹುದಾದರೂ ಅದನ್ನು ನಂಬಿ ಕೂರಬಾರದು. ಒತ್ತಕ್ಷರ, ಅರ್ಕಾವತ್ತು, ಸವೆದ ಮೊಳೆಗಳಿಂದಾಗಿ ‘ಭಟ್ಟ’ ಎಂಬ ಸುಲಭದ ಶಬ್ದವೂ ಯಂತ್ರಕ್ಕೆ ಬೇರೇನೋ ಆಗಿ ಕಾಣುತ್ತದೆ. ಒತ್ತಕ್ಷರವಿಲ್ಲದ ಸಣ್ಣ ತುಣುಕುಗಳಿಂದ ಹುಡುಕುವುದು ಮೇಲು. ಸಿಗದಿದ್ದರೆ ತಾರೀಕಿನ ಪ್ರಕಾರ ಪುಟಗಳನ್ನು ಕಣ್ಣಿನಿಂದಲೇ ನೋಡಬೇಕು.

ಆರನೆಯ ಕೆಲಸ: ಅಟ್ಟದ ಕಟ್ಟನ್ನು ಬಿಚ್ಚುವುದು

ಆಟಿಯ ಮಳೆಯಲ್ಲಿ ಹಳೆಯ ಕಟ್ಟನ್ನು ಬಿಚ್ಚಲೇಬೇಡಿ. ಧನು, ಮಕರ ಮಾಸದ ಒಣ ಹವೆಗಾಗಿ ಕಾಯಿರಿ. ಪತ್ರಿಕೆಯ ಕಾಗದ ಅಗ್ಗದ ಮರದ ತಿರುಳಿನದು, ಅದರೊಳಗಿನ ಆಮ್ಲವೇ ಅದನ್ನು ಹಳದಿ ಮಾಡಿ ಹಪ್ಪಳದಂತೆ ಮುರಿಯುವಂತೆ ಮಾಡುತ್ತದೆ. ಮೇಜಿನ ಮೇಲೆ ಒಗೆದ ಹತ್ತಿ ಬಟ್ಟೆ ಹಾಸಿ, ಕಟ್ಟಿನ ದಾರವನ್ನು ಎಳೆಯದೆ ಕತ್ತರಿಸಿ, ಒಂದೊಂದು ಹಾಳೆಯನ್ನೂ ಅಡಿಯಲ್ಲಿ ದಪ್ಪ ರಟ್ಟು ತೂರಿಸಿ ಎತ್ತಬೇಕು. ಮಡಿಕೆಯನ್ನು ಒಮ್ಮೆಲೇ ಬಿಡಿಸಿದರೆ ಅದೇ ಗೆರೆಯಲ್ಲಿ ಎರಡಾಗುತ್ತದೆ, ನಮ್ಮ ನೋಟೀಸಿನ ಮೂರು ಸಾಲುಗಳು ಹೋದದ್ದು ನನ್ನ ಇಂಥ ಅವಸರದಿಂದಲೇ. ಸೆಲೊಟೇಪು, ಗೋಂದು, ಲ್ಯಾಮಿನೇಶನ್ ಯಾವುದೂ ಬೇಡ. ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ ಚಿತ್ರ ತೆಗೆಯಿರಿ: ಮೊದಲು ತಲೆಪಟ್ಟಿ ಮತ್ತು ತಾರೀಕು, ನಂತರ ಪೂರ್ತಿ ಪುಟ, ಕೊನೆಗೆ ಬೇಕಾದ ಅಂಕಣ. ಕತ್ತರಿಸಿದ ತುಣುಕಿನ ಚಿತ್ರ ಮಾತ್ರ ಇದ್ದರೆ ಹತ್ತು ವರ್ಷಗಳ ನಂತರ ಅದು ಎಲ್ಲಿಯದೆಂದು ನಿಮಗೇ ತಿಳಿಯದು.

ಏಳನೆಯ ಕೆಲಸ: ಪತ್ರಿಕೆಯಿಂದ ಮರಳಿ ದಾಖಲೆಗೆ

ಪತ್ರಿಕೆಯಲ್ಲಿ ಬಂದದ್ದು ಒಬ್ಬರ ಹೇಳಿಕೆ. ಊರ ಸುದ್ದಿಯಲ್ಲಿ ‘85ರ ಹರೆಯದ’ ಎಂದಿದ್ದರೆ ಅದು ಮಗನ ಅಂದಾಜು. ನೋಟೀಸಿನಲ್ಲಿರುವ ಸಂಬಂಧ ವಾದಿಯ ಪಕ್ಷ. ಹೇಳಿದವರು ಯಾರು, ಸುಳ್ಳು ಹೇಳಿದರೆ ಅವರಿಗೆ ಲಾಭವಿತ್ತೇ ಎಂದು ಪ್ರತಿ ತುಣುಕಿನ ಪಕ್ಕದಲ್ಲಿ ಒಂದು ಸಾಲು ಬರೆದಿಡುವುದು ಒಳ್ಳೆಯ ಅಭ್ಯಾಸ. ಪಾಲು ದಾವೆಯಲ್ಲಿ ಒಬ್ಬ ಮಗಳ ಹೆಸರು ಬಿಟ್ಟುಹೋಗಿದ್ದರೆ ಅವಳು ಹುಟ್ಟಲೇ ಇಲ್ಲವೆಂದಲ್ಲ.

ಆದರೆ ಈ ಹೇಳಿಕೆ ನಿಮಗೆ ಒಂದು ನಂಬ್ರ, ಒಂದು ತಾರೀಕು, ಒಂದು ಸರ್ವೆ ನಂಬ್ರವನ್ನಾದರೂ ಕೊಟ್ಟಿರುತ್ತದೆ, ಅದನ್ನು ಹಿಡಿದು ಉಳಿದಿರುವ ದಾಖಲೆಗಳತ್ತ ಹೋಗಬಹುದು. ದಾವೆ ರಾಜಿಯಲ್ಲಿ ಮುಗಿದಿದ್ದರೆ ಆ ತಾರೀಕಿನ ಆಸುಪಾಸಿನಲ್ಲಿ ಪಾಲುಪಟ್ಟಿಯೋ ಹಕ್ಕುಬಿಡುಗಡೆ ಪತ್ರವೋ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಗಿರುವ ಸಂಭವ ಹೆಚ್ಚು. ಅಲ್ಲಿ ಸ್ಥಿರಾಸ್ತಿಯ ದಸ್ತಾವೇಜುಗಳನ್ನು ನಕಲು ಮಾಡಿರುವ ಪುಸ್ತಕದಿಂದ ಪ್ರಮಾಣಿತ ಪ್ರತಿ ಪಡೆಯಬಹುದು. ವರ್ಷ ಗೊತ್ತಿಲ್ಲದೆ ಕೇಳಿದರೆ ಶೋಧನೆಯ ಶುಲ್ಕವೂ ದಿನಗಳೂ ಬೆಳೆಯುತ್ತವೆ. ಪತ್ರಿಕೆಯ ತಾರೀಕು ಇದ್ದರೆ ಒಂದೆರಡು ವರ್ಷದ ಅವಧಿಗೆ ಕೇಳಿದರಾಯಿತು. ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿಪದ್ಧತಿ ರದ್ದಾದ ಮೇಲೆ ಭೂನ್ಯಾಯಮಂಡಳಿಗಳ ಮುಂದೆ ಬಂದ ಅರ್ಜಿಗಳೊಂದಿಗೆ ಹಳೆಯ ಡಿಕ್ರಿಯ ನಕಲುಗಳನ್ನು ಲಗತ್ತಿಸಿದವರಿದ್ದಾರೆ. ಮೂಲ ಕಡತ ನಾಶವಾಗಿದ್ದರೂ ಅದರ ನಕಲು ಇನ್ನೊಂದು ಕಚೇರಿಯ ಕಪಾಟಿನಲ್ಲೋ ಎದುರು ಪಕ್ಷದ ದಾಯಾದಿಗಳ ಪೆಟ್ಟಿಗೆಯಲ್ಲೋ ಇರಬಹುದು. ದಾಯಾದಿಗಳ ಮನೆಗೆ ಹೋಗುವಾಗ ಆಸ್ತಿಯ ಮಾತು ಎತ್ತದೆ, ವಂಶಾವಳಿಯ ಹಾಳೆಯನ್ನು ಮೊದಲು ಅವರ ಕೈಗೆ ಕೊಟ್ಟು ಅವರ ಕಡೆಯ ಹೆಸರುಗಳನ್ನು ಅವರಿಂದಲೇ ತಿದ್ದಿಸಿ.

ನನ್ನ ಟ್ರಂಕಿನ ನೋಟೀಸಿನಲ್ಲಿದ್ದ ಪ್ರತಿವಾದಿಗಳಲ್ಲಿ ಒಬ್ಬಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಆ ತಾರೀಕಿನ ಆಸುಪಾಸಿನ ನೋಂದಣಿಯಲ್ಲಿ ಸಿಕ್ಕಿದ ಹಕ್ಕುಬಿಡುಗಡೆ ಪತ್ರದಿಂದ ಅವಳು ಮುತ್ತಜ್ಜನ ತಂಗಿ, ಚಿಕ್ಕ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು ಎಂದು ತಿಳಿಯಿತು. ಪತ್ರದ ಕೊನೆಯಲ್ಲಿ ಎಡಗೈ ಹೆಬ್ಬೆಟ್ಟಿನ ಗುರುತಿದೆ ಎಂದು ನಕಲುಗಾರ ಬರೆದಿದ್ದಾನೆ. ಅವಳ ಗಂಡನ ಮನೆ ಯಾವುದೆಂಬುದು ಅಲ್ಲಿಲ್ಲ. ಅದಕ್ಕಾಗಿ ಈಗ ನಾನು ಪೆರ್ಲದ ಕಡೆಯ ಮನೆಗಳ ಹೆಸರುಗಳನ್ನು ಹಿಡಿದು 1920ರ ದಶಕದ ಸಂಚಿಕೆಗಳನ್ನು ನೋಡುತ್ತಿದ್ದೇನೆ.